ಹಾಲಪ್ಪನ ಎರಡನೇ ಕೇಸು

ನಮ್ಮೂರಿನ ಕೋರ್ಟಿನಲ್ಲಿ ಯಾರ ಕೇಸು ನಡೆಯುತ್ತಿರುತ್ತದೋ ಅವರಿಗೆ ಸಾವು ಬರುವುದಿಲ್ಲ. ಕೇಸು ಹಾಕಿದವರಿಗೂ ಇಲ್ಲ, ಹಾಕಿಸಿಕೊಂಡವರಿಗೂ ಇಲ್ಲ. ರೋಗ ಬರುತ್ತದೆ, ಮುಪ್ಪು ಬರುತ್ತದೆ, ಕೈಕಾಲು ಮುರಿಯುತ್ತವೆ, ನೋವಂತೂ ಎಲ್ಲರಿಗೆ ಬರುವಷ್ಟೇ ಬರುತ್ತದೆ. ಸಾವು ಮಾತ್ರ ಬರುವುದಿಲ್ಲ. ಹಾಗಾಗಿ ನಮ್ಮಲ್ಲಿ ಹಿರಿಯರ ಕಾಲಿಗೆ ಬಿದ್ದರೆ "ನಿನ್ನ ಕೇಸು ಇತ್ಯರ್ಥವಾಗದಿರಲಿ" ಎಂದು ಹರಸುತ್ತಾರೆ. ಆಸ್ಪತ್ರೆಯಲ್ಲಿ ಚೀಟಿ ಬರೆಯುವ ನರ್ಸು ಹೆಸರು, ವಯಸ್ಸು ಕೇಳಿಯಾದ ಮೇಲೆ "ಕೇಸು ಐತಾ?" ಎಂದು ಕೇಳುತ್ತಾಳೆ. ಐತೆ ಎಂದರೆ ಡಾಕ್ಟರು ನಿಧಾನವಾಗಿ ಬರುತ್ತಾರೆ. ಹೆಣ್ಣು ಕೊಡುವವರು ಹುಡುಗನ ಮನೆತನ ವಿಚಾರಿಸುವ ಮೊದಲು ಅವನ ಎದುರು ಪಾರ್ಟಿ ಯಾರು ಎಂದು ವಿಚಾರಿಸುತ್ತಾರೆ.

ಆದರೆ ಜಗಳ ನಿಜವಾದದ್ದಾಗಿರಬೇಕು. ಪೇಟೆಬೀದಿಯ ಬಂಗಾರದಂಗಡಿಯವರು ಹಾಸಿಗೆ ಹಿಡಿದ ತಮ್ಮ ಯಜಮಾನರನ್ನು ಉಳಿಸಿಕೊಳ್ಳಲು ಪಕ್ಕದ ಅಂಗಡಿಯವನ ಜೊತೆ ಮಾತಾಡಿಕೊಂಡು ಚರಂಡಿ ನೀರಿನ ಮೇಲೆ ಒಂದು ದಾವೆ ಹೂಡಿದ್ದರು. ಸಮನ್ಸು ಹೋಯಿತು, ಜವಾಬು ಬಂತು, ವಾಯಿದೆ ಬಿತ್ತು. ವಾಯಿದೆಯ ದಿನಕ್ಕೆ ಮೊದಲೇ ಯಜಮಾನರು ಕಣ್ಣುಮುಚ್ಚಿದರು. ಒಪ್ಪಂದದ ಜಗಳ ನಿಲ್ಲುವುದಿಲ್ಲ. ಕೇಸು ಹಾಕಿದವರ ಎದೆಯಲ್ಲಿ ಉರಿ ಇರಬೇಕು. ಅದು ಆರಿದ ದಿನ, ಕೋರ್ಟಿನ ಕಪಾಟಿನಲ್ಲಿ ಕಡತ ಕೂತಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಆಗ ನಾನು ಲಾ ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ಬಸ್‌ಸ್ಟ್ಯಾಂಡಿನ ಹಿಂದೆ, ಈಗ ಯಾರೂ ಸುಂಕ ಕಟ್ಟದ ಹಳೆಯ ಸುಂಕದಕಟ್ಟೆಯಲ್ಲಿ ಕಾಲೇಜಿನವರು ನಮಗೊಂದು ಕೋಣೆ ಕೊಡಿಸಿದ್ದರು. ಪ್ರತಿ ಶನಿವಾರ ನಾನು ಮತ್ತು ನನ್ನ ಸಹಪಾಠಿ ಇಮ್ತಿಯಾಜ್ ಅಲ್ಲಿ ಕುಳಿತು ಬಡವರಿಗೆ ಅರ್ಜಿ, ದಾವೆ, ನೋಟೀಸು ಬರೆದುಕೊಡುತ್ತಿದ್ದೆವು. ನಾವು ಬರೆದದ್ದನ್ನು ನಮ್ಮ ಮೇಷ್ಟ್ರು ರಾಜಶೇಖರಯ್ಯ ತಿದ್ದಿ, ವಕೀಲರಾಗಿ ಸಹಿ ಹಾಕುತ್ತಿದ್ದರು. ಬರುವವರೆಲ್ಲ ಕೇಸು ಹಾಕಲಿಕ್ಕೇ ಬರುತ್ತಿದ್ದರು. ಎದೆನೋವಿನ ಗಂಡನನ್ನು ಆಟೋದಲ್ಲಿ ಕೂರಿಸಿಕೊಂಡು ಬಂದ ಹೆಂಗಸರು, ಜ್ವರ ಬಿಡದ ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಂದಿರು. "ಇವನಿಗೆ ಯಾರಾದ್ರೂ ಅನ್ಯಾಯ ಮಾಡಿರಬೇಕು, ನೆನಪು ಮಾಡ್ಕೊಳ್ಳಿ, ಯಾರಾದ್ರೂ ಮಾಡೇ ಇರ್ತಾರೆ" ಎಂದು ನಾವು ಅವರನ್ನು ಕೆದಕಿ ಕೆದಕಿ ಕೇಳುತ್ತಿದ್ದೆವು. ಕೆಲವರಿಗೆ ಏನೂ ನೆನಪಾಗುತ್ತಿರಲಿಲ್ಲ. ಅಂಥವರನ್ನು ಬರಿಗೈಯಲ್ಲಿ ಕಳಿಸಬೇಕಾಗುತ್ತಿತ್ತು.

ಕೇಸು ಮುಗಿಸಿಕೊಡಿ ಎಂದು ಬಂದವಳು ಸಾಕಮ್ಮ ಒಬ್ಬಳೇ.

ಗಟ್ಟಿಮುಟ್ಟಾದ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆಂಚಿನ ಮೇಲೆ ಕೂರದೆ ಬಾಗಿಲಿಗೆ ಒರಗಿ ನಿಂತಳು. "ನನ್ನ ಗಂಡಂದು ಒಂದು ಕೇಸೈತೆ. ಅವರಣ್ಣ ಹಾಕಿರೋದು. ಅದನ್ನ ಮುಗಿಸ್ಕೊಡಿ" ಎಂದಳು.

ಇಮ್ತಿಯಾಜ್ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟ. "ಮುಗಿಸಿದ್ರೆ ಏನಾಗುತ್ತೆ ಗೊತ್ತೇನಮ್ಮ?"

"ಗೊತ್ತಿಲ್ದೆ ಬಂದಿದೀನಾ? ಒಂದ್ಸಲ ಬಂದು ನೋಡಿ. ನೋಡಿದ ಮ್ಯಾಲೆ ನೀವೇ ಹೇಳಿ."

ನೋಡಲು ಹೋದೆವು. ಊರಿನ ಪಡುವಣ ದಿಕ್ಕಿಗೆ ಮಂಡಕ್ಕಿ ಭಟ್ಟಿಗಳ ಓಣಿಯಿದೆ. ಭತ್ತದ ಹೊಟ್ಟು, ಹಳೇ ಟೈರು ಉರಿಸಿ ಮರಳು ಕಾಯಿಸಿ ಮಂಡಕ್ಕಿ ಹುರಿಯುತ್ತಾರೆ. ಆ ಓಣಿಯ ಗೋಡೆ, ಹಸು, ಮಕ್ಕಳು ಎಲ್ಲದರ ಮೇಲೂ ಒಂದು ಪದರ ಕಪ್ಪು. ಸಾಕಮ್ಮನ ಗಂಡ ತಿಪ್ಪೇಶ ಅಲ್ಲಿ ಒಂದು ಭಟ್ಟಿಯಲ್ಲಿ ಹುರಿಯುವವನು. ದೀಪಾವಳಿಗೆ ಮುಂಚೆ ಒಲೆಯ ಗೂಡು ಬಿರಿದು, ಕಾದ ಮರಳು ಎದೆಯಿಂದ ಮೊಣಕಾಲಿನವರೆಗೆ ಅವನ ಮೇಲೆ ಸುರಿದಿತ್ತು. ನಾವು ಹೋದದ್ದು ಶಿವರಾತ್ರಿ ಕಳೆದ ಮೇಲೆ. ಬೇರೆ ಯಾರೇ ಆಗಿದ್ದರೂ ಮೊದಲ ದಿನ ಸಂಜೆಯಾಗುವುದರೊಳಗೆ ಹೋಗಿಬಿಡುತ್ತಿದ್ದರು. ಆಸ್ಪತ್ರೆಯವರು ಕೆಲವು ವಾರ ಇಟ್ಟುಕೊಂಡು, ವಾಸಿಯೂ ಆಗುವುದಿಲ್ಲ, ಇನ್ನೊಂದೂ ಆಗುವುದಿಲ್ಲ ಎಂದು ಮನೆಗೆ ಕಳಿಸಿದ್ದರು.

ಬಾಳೆ ಎಲೆ ಹಾಸಿದ ಮಂಚದ ಮೇಲೆ, ಸೊಳ್ಳೆಪರದೆಯೊಳಗೆ ಮಲಗಿದ್ದ. ಮುಖ ಮಾತ್ರ ಮನುಷ್ಯನ ಮುಖವಾಗಿ ಉಳಿದಿತ್ತು. ಕೆಳಗಿನದನ್ನು ನಾನು ಬರೆಯುವುದಿಲ್ಲ. ನಾನು ಮೂಗಿಗೆ ದುಪಟ್ಟಾ ಒತ್ತಿಕೊಳ್ಳಬಾರದೆಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಅವನು ಕಣ್ಣು ತೆರೆದು, "ನೀವು ಲಾಯರ್ರಾ?" ಎಂದ.

"ಇನ್ನೂ ಓದ್ತಾ ಇದೀವಣ್ಣ."

"ಬ್ಯಾಗ ಬ್ಯಾಗ ಓದ್ರವ್ವ" ಎಂದ. ತುಟಿ ನಗಲು ಹೋಯಿತು, ನಗಲಾಗಲಿಲ್ಲ.

ಸಾಕಮ್ಮ ಹತ್ತಿಯನ್ನು ಎಳನೀರಿನಲ್ಲಿ ಅದ್ದಿ ಅವನ ತುಟಿ ಒರೆಸಿದಳು. "ದಿನಾ ಒಂದೇ ಮಾತು. ಬಿಡಿಸು ಬಿಡಿಸು ಅಂತಾನೆ. ನಾನೇನು ಕಟ್ಟಾಕಿದೀನಾ?" ಎಂದು ಗೋಡೆ ಕಡೆ ತಿರುಗಿದಳು. ಆ ಗೋಡೆಯ ಆಚೆಗೇ ಅವನ ಅಣ್ಣ ಹಾಲಪ್ಪನ ಮನೆ. ಅಪ್ಪನ ಒಂದು ಮನೆಯನ್ನು ಇಬ್ಬರೂ ಪಾಲು ಮಾಡಿಕೊಂಡಿದ್ದರು. ಕೇಸು ಇದ್ದದ್ದು ಎರಡು ಪಾಲಿನ ಪಕ್ಕದಲ್ಲಿ ಬೀದಿಯಿಂದ ಹಿತ್ತಿಲಿಗೆ ಹೋಗುವ ಸಂದಿಯ ಮೇಲೆ.

ಅದೇ ದಿನ ಹಾಲಪ್ಪನ ಬಾಗಿಲಿಗೆ ಹೋದೆವು. ಹಿತ್ತಿಲಿನಲ್ಲಿ ಕೂತು ಮಂಡಕ್ಕಿ ಜರಡಿ ಹಿಡಿಯುತ್ತಿದ್ದ. ಒಣಕಲು ಆಳು, ಬಾಗಿದ ಬೆನ್ನು. ಅವನೂ ಆಯುಷ್ಯವೆಲ್ಲ ಭಟ್ಟಿಯ ಹೊಗೆ ಕುಡಿದವನೇ. ನಾಲ್ಕು ಮಾತಿಗೊಮ್ಮೆ ಕೆಮ್ಮು ಹತ್ತಿ, ಜರಡಿ ಕೆಳಗಿಟ್ಟು, ನೆಲಕ್ಕೆ ಕೈಯೂರಿ ಉಸಿರು ಹುಡುಕುತ್ತಿದ್ದ. ಹಿತ್ತಿಲಿನ ಮೂಲೆಯಲ್ಲಿ ಕಣಗಿಲೆ ಗಿಡದ ಕೆಳಗೆ ಸುಣ್ಣ ಬಳಿದ ಒಂದು ಚಿಕ್ಕ ಸಮಾಧಿ. ಅದರ ಗೂಡಿನಲ್ಲಿ ಎಣ್ಣೆದೀಪ. ಅವನ ಹೆಂಡತಿ ಹೊನ್ನಮ್ಮನದು.

ಬಂದ ವಿಷಯ ಹೇಳಿದೆವು. ಬೈಯುತ್ತಾನೆಂದು ನಾನು ಕಾದಿದ್ದೆ. ಅವನು ಬೈಯಲಿಲ್ಲ.

"ನನ್ನ ತಮ್ಮ ನರಳೋದು ನನಗೆ ಕೇಳಾಕಿಲ್ಲ ಅಂದ್ಕೊಂಡಿದೀಯಾ ತಂಗಿ? ನಮ್ಮದು ಒಂದೇ ಗೋಡೆ. ಮಂಚ ಕಿರ್ ಅಂದ್ರೂ ಕೇಳ್ತೈತೆ."

"ಹೋಗಿ ನೋಡಿದ್ರಾ?"

"ಇಲ್ಲ. ಹೋಗಾಕಿಲ್ಲ." ಸಮಾಧಿಯ ಕಡೆ ಕೈ ಮಾಡಿದ. "ಅವಳಿಗೆ ಹೆರಿಗೆ ನೋವು ಎದ್ದಾಗ ಈ ಸಂದೀಲಿ ಗಾಡಿ ತರಬೇಕಿತ್ತು. ಅವನು ಪಾಲು ಪಾಲು ಅಂತ ಹಿಂದಿನ ದಿನಾನೇ ಅಡ್ಡ ಗೋಡೆ ಎಬ್ಬಿಸಿದ್ದ. ಗಾಡಿ ಕೆರೆ ಏರಿ ಸುತ್ತಾಕ್ಕೊಂಡು ಬರೋ ಹೊತ್ತಿಗೆ ಆಗೋದು ಆಗಿಹೋಗಿತ್ತು. ಮಗಾ ಉಳೀತು, ಅವಳಿಲ್ಲ. ಅವತ್ತಿನ ಉರಿ ಇನ್ನೂ ಐತೆ. ಇಲ್ದಿದ್ರೆ ನಾವಿಬ್ರೂ ಎಂದೋ ಹೋಗ್ತಿದ್ವಿ."

"ನೀವಿಬ್ರೂನಾ?"

ಹಾಲಪ್ಪ ಎದೆ ಮೇಲೆ ಕೈಯಿಟ್ಟುಕೊಂಡ. "ಇದರಾಗೆ ಏನೂ ಉಳಿದಿಲ್ಲ ಅಂತ ಡಾಕ್ಟ್ರು ಹೇಳಿ ಭಾಳ ದಿನ ಆತು. ಕೇಸು ಐತೆ ಅಂತ ಉಸಿರಾಡ್ತಾ ಇದೀನಿ. ಮೂರು ಹೆಣ್ಮಕ್ಕಳು ತಂಗಿ, ತಾಯಿ ಇಲ್ದೋವು. ಕೇಸು ವಾಪಸ್ ತಗೊಂಡ್ರೆ ಅವನ ಜೊತೆಗೆ ನನ್ನ ಹೆಣಾನೂ ಎದ್ದೇಳ್ತೈತೆ. ಆಮೇಲೆ ಇವಕ್ಕೆ ಯಾರು? ನೀವು ಸಾಕ್ತೀರಾ?"

ಒಳಗಿನಿಂದ ಅವನ ದೊಡ್ಡ ಮಗಳು ಲೋಟದಲ್ಲಿ ನೀರು ತಂದು ನಮ್ಮ ಮುಂದಿಟ್ಟು ಹೋದಳು. ಅದನ್ನು ಮುಟ್ಟದೆ ಎದ್ದೆವು.

ಹೊರಗೆ ಸಾಕಮ್ಮ ಕಾಯುತ್ತಿದ್ದಳು. ಭಾವನ ಕೆಮ್ಮು ಅವಳಿಗೆ ಗೊತ್ತಿತ್ತು. ಅದು ಅಷ್ಟು ಒಳಕ್ಕಿಳಿದಿದೆ ಎಂದು ಗೊತ್ತಿರಲಿಲ್ಲ. ಕೇಳಿಸಿಕೊಂಡು ಜಗಲಿಯ ಮೇಲೆ ಕುಸಿದು ಕೂತಳು. ನ್ಯಾಯಾಧೀಶರನ್ನೇ ಕೇಳಿ ತೀರ್ಪು ಬರೆಸಬಹುದಲ್ಲ ಎಂದಳು. ನಮ್ಮೂರಿಗೆ ಬರುವ ಯಾವ ನ್ಯಾಯಾಧೀಶರೂ ತೀರ್ಪು ಬರೆಯುವುದಿಲ್ಲ. ತಮ್ಮ ಕೈಯಿಂದ ಒಂದು ಜೀವ ಹೋಗಬಾರದೆಂದು ವಾಯಿದೆ ಕೊಟ್ಟುಕೊಂಡು ವರ್ಗವಾಗುವ ದಿನ ಕಾಯುತ್ತಾರೆ. ಅದನ್ನೇ ಅವಳಿಗೆ ಹೇಳಿದೆ. ಆಮೇಲೆ, ಪರೀಕ್ಷೆಯಲ್ಲಿ ಉತ್ತರ ಬರೆಯುವಂತೆ ಇನ್ನೊಂದು ಮಾತನ್ನೂ ಹೇಳಿದೆ: "ಹಾಲಪ್ಪನವರಿಗೆ ಬೇರೆ ಯಾರ ಮೇಲಾದರೂ ಇನ್ನೊಂದು ಕೇಸು ಇದ್ದಿದ್ದರೆ, ನಿಜವಾದದ್ದು, ಇದನ್ನು ಧೈರ್ಯವಾಗಿ ಬಿಡಬಹುದಿತ್ತು."

ಸಾಕಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ಒಳಗೆ ಮಂಚ ಕಿರುಗುಟ್ಟಿತು, ಎದ್ದು ಹೋದಳು.

ಮುಂದಿನ ಶನಿವಾರ ನಾವಿನ್ನೂ ಕೋಣೆಯ ಕಸ ಗುಡಿಸುತ್ತಿದ್ದೆವು. ಹಾಲಪ್ಪ ಬಂದ. ಕೈಯಲ್ಲಿ ಸುಣ್ಣ ಮೆತ್ತಿದ ಇಟ್ಟಿಗೆಯ ಚೂರು.

"ಬರಿ" ಎಂದ. "ಬರಿ ತಂಗಿ. ಆ ಮುಂಡೆ ಮ್ಯಾಲೆ ಬರಿ. ಎಲ್ಲರ ಎದುರಿಗೆ, ಬೆಳ್ಳಂಬೆಳಗ್ಗೆ ಹಾರೆ ತಗೊಂಡು ಬಂದು ನನ್ನ ಹೊನ್ನಿ ಸಮಾಧಿ ಒಡೆದಾಕಿದ್ಲು. ಮಕ್ಕಳು ಅಡ್ಡ ಬಂದ್ರೆ ತಳ್ಳಿದ್ಲು. ದೀಪದ ಗೂಡು ಕಾಲಾಗ ತುಳಿದ್ಲು."

"ಯಾರು?"

"ಸಾಕಮ್ಮ. ನನ್ನ ತಮ್ಮನ ಹೆಂಡ್ತಿ."

ನಾನು ಇಮ್ತಿಯಾಜನ ಮುಖ ನೋಡಲಿಲ್ಲ. ಅವನು ನನ್ನ ಮುಖ ನೋಡುತ್ತಿದ್ದಾನೆಂದು ಗೊತ್ತಿತ್ತು. ಕಾಗದ ಎಳೆದುಕೊಂಡು ಬರೆದೆ. ವಾದಿ ಹಾಲಪ್ಪ, ಪ್ರತಿವಾದಿ ಸಾಕಮ್ಮ. ನಡುವೆ ಅವನು ಅಳುತ್ತಿದ್ದ, ಮತ್ತೆ ಬೈಯುತ್ತಿದ್ದ. ಒಂದು ವಿಚಿತ್ರ ನನ್ನ ಕಣ್ಣಿಗೆ ಬಿತ್ತು: ಆ ಹೊತ್ತಿನಲ್ಲಿ ಅವನಿಗೆ ಒಂದು ಸಲವೂ ಕೆಮ್ಮು ಬರಲಿಲ್ಲ. ಕೆನ್ನೆಗೆ ರಕ್ತ ಏರಿತ್ತು. ಮೇಷ್ಟ್ರು ಸಹಿ ಹಾಕಿದರು, ಸೋಮವಾರ ದಾವೆ ದಾಖಲಾಯಿತು.

ಆ ಸಂಜೆ ಸಾಕಮ್ಮನ ಮನೆಗೆ ಓಡಿದೆ. ಹಿತ್ತಿಲಿನ ಬಾವಿಕಟ್ಟೆಯಲ್ಲಿ ಬಟ್ಟೆ ಸೆಳೆಯುತ್ತಿದ್ದಳು. ಅಂಗೈ ಬೊಬ್ಬೆ ಎದ್ದು ಒಡೆದಿತ್ತು.

"ಯಾಕೆ ಹೀಗೆ ಮಾಡಿದ್ರಿ?"

"ನೀನೇ ಹೇಳಿದ್ಯಲ್ಲ ಮಗಾ. ನಿಜವಾದ್ದು ಬೇಕು ಅಂತ." ಬಟ್ಟೆ ಹಿಂಡಿ ಕಲ್ಲಿನ ಮೇಲಿಟ್ಟಳು. "ಬೇಲಿ ಕಿತ್ತಿದ್ರೆ, ಬಾಗಿಲಿಗೆ ಕಸ ಹಾಕಿದ್ರೆ ನಾಕು ದಿನಕ್ಕೆ ಮರೀತಿದ್ದ. ಅವನು ಮರೀಲಾರದ್ದು ಅದೊಂದೇ ಇದ್ದದ್ದು."

"ಹೊನ್ನಮ್ಮ ನಿಮಗೆ..."

"ನನ್ನ ಓರಗಿತ್ತಿ. ಅಕ್ಕ ಅಂತಿದ್ದೆ. ಒಂದೇ ವರ್ಷ ಮದುವೆ ಆಗಿ ಈ ಮನೆಗೆ ಬಂದ್ವಿ. ಅವಳ ಹೆಣಕ್ಕೆ ನೀರು ಹಾಕಿ ತಲೆ ಬಾಚಿದ್ದೇ ನಾನು." ಕೈಯನ್ನು ನೋಡಿಕೊಂಡಳು. "ಹಾರೆ ಎತ್ತಿದಾಗ ಅಕ್ಕಾ ನೋಡಬ್ಯಾಡ ಅಂದೆ. ನೀನು ಅವನಿಗೆ ಹೇಳಬಾರದು. ಹೇಳಿದ್ರೆ ಅವನ ಉರಿ ಆರ್ತೈತೆ. ಆರಿದ್ರೆ ಕೇಸೂ ಇಲ್ಲ, ಅವನೂ ಇಲ್ಲ."

ಲೆಕ್ಕ ಸರಿಯಾಗಿಯೇ ಇತ್ತು. ಹಾಲಪ್ಪನಿಗೆ ಎರಡನೇ ಕೇಸು ಸಿಕ್ಕಿತು. ಇನ್ನು ಮೊದಲನೆಯದನ್ನು ಅವನು ಬಿಟ್ಟರೆ ತಿಪ್ಪೇಶನಿಗೆ ಬಿಡುಗಡೆ. ನಾನು, ಇಮ್ತಿಯಾಜ್ ಮತ್ತೆ ಹಾಲಪ್ಪನ ಬಾಗಿಲಿಗೆ ಹೋಗಿ, ಈಗ ನಿಮಗೆ ಭಯವಿಲ್ಲ, ತಮ್ಮನ ಮೇಲಿನದನ್ನು ವಾಪಸ್ಸು ತೆಗೆದುಕೊಳ್ಳಿ ಎಂದೆವು.

ಅವನು ಒಡೆದ ಇಟ್ಟಿಗೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ. ತಲೆಯೆತ್ತಲಿಲ್ಲ.

"ವಾಪಸ್ ತಗೊಳ್ಳಾಕಿಲ್ಲ. ಮೊದಲಾಗಿದ್ರೆ ಏನೋ. ಈಗ ಸತ್ರೂ ತಗೊಳ್ಳಾಕಿಲ್ಲ. ಅವನು ಅಲ್ಲೇ ಬಿದ್ದಿರಲಿ. ದಿನಾ ಅವನನ್ನ ತೊಳೀಲಿ, ಒರಸಲಿ. ನೋಡ್ಲಿ ಅವಳು. ನನ್ನ ಹೊನ್ನಿಗೆ ಅವಳು ಮಾಡಿದ್ದನ್ನ ದಿನಾ ಅನುಭವಿಸ್ಲಿ."

ಓಣಿಯ ಕೊನೆಯವರೆಗೆ ನಡೆದೆವು. ಆಮೇಲೆ ಇಮ್ತಿಯಾಜ್ ನಿಂತುಬಿಟ್ಟ. "ನಿಜ ಹೇಳಿಬಿಡೋಣ ಅನಸೂಯ. ಅವರಿಗೋಸ್ಕರವೇ ಮಾಡಿದ್ದು ಅಂತ ಹೇಳೋಣ."

"ಹೇಳಿದರೆ ಅವರು ಸಾಯ್ತಾರೆ."

"ಹೇಳದಿದ್ದರೆ ತಿಪ್ಪೇಶಣ್ಣ ಸಾಯಲ್ಲ. ನಾವು ಮಾಡ್ತಿರೋದಕ್ಕೆ ಕಾನೂನು ನೆರವು ಅಂತಾರಾ? ಒಬ್ಬ ಕಕ್ಷಿದಾರಳಿಗೆ ಉಪಾಯ ಹೇಳಿಕೊಟ್ಟು, ಆ ಉಪಾಯಕ್ಕೆ ಸಿಕ್ಕಿದವರಿಗೆ ನಾವೇ ದಾವೆ ಬರೆದುಕೊಟ್ಟೆವು."

"ಉಪಾಯ ಹೇಳಿದ್ದು ನಾನು."

"ಬರೆದದ್ದನ್ನ ನೋಡುತ್ತಾ ಕೂತವನು ನಾನು" ಎಂದ. ಅವನ ಕಣ್ಣು ಕೆಂಪಾಗಿತ್ತು. ಭಟ್ಟಿಯ ಹೊಗೆಯೂ ಇರಬಹುದು. ಹೇಳುವುದಾಗಲೀ ಹೇಳದಿರುವುದಾಗಲೀ ನಮ್ಮ ಕೈಯಲ್ಲಿಲ್ಲ, ಅದು ಸಾಕಮ್ಮನ ಮಾತು ಎಂದು ಕೊನೆಗೆ ಒಪ್ಪಿಕೊಂಡೆವು.

ದಾರಿ ತೋರಿಸಿದವನು ತಿಪ್ಪೇಶನೇ. ಸಂದಿಯ ಕೇಸಿನ ವಾಯಿದೆ ಹತ್ತಿರವಿತ್ತು. "ನನ್ನನ್ನ ಕೋರ್ಟಿಗೆ ಹೊತ್ಕೊಂಡು ಹೋಗಿ" ಎಂದು ಹಟ ಹಿಡಿದ. ಸಾಕಮ್ಮ ಬೇಡವೆಂದಳು. ಮಂಚ ಅಲುಗಿದರೆ ಅವನಿಗೆ ಪ್ರಾಣ ಹಿಂಡಿದಂತಾಗುತ್ತಿತ್ತು. ಅವನು ಕೇಳಲಿಲ್ಲ. "ಗೋಡೆ ಆಚೆ ಕೂತಿರೋನಿಗೆ ನಾನು ಬರೀ ಸದ್ದು. ಅವನು ನನ್ನನ್ನ ನೋಡ್ಲಿ" ಎಂದ.

ವಾಯಿದೆಯ ದಿನ ಭಟ್ಟಿಯ ನಾಲ್ವರು ಮಂಚವನ್ನು ಹೊತ್ತು ತಂದರು. ಬಿಸಿಲಿಗೆ ಒದ್ದೆ ಪಂಚೆ ಹೊದಿಸಿದ್ದರು. ಮಂಚ ಬಂದಂತೆಲ್ಲ ಕೋರ್ಟಿನ ವರಾಂಡದಲ್ಲಿ ಕೂತಿದ್ದ ಮುದುಕರು ಗೋಡೆಗೆ ಸರಿದರು. ಕೆಲವರು ಆ ಮೆಟ್ಟಿಲುಗಳನ್ನು ನನ್ನ ಅಜ್ಜಿ ಹುಟ್ಟುವ ಮೊದಲಿನಿಂದ ಹತ್ತಿ ಇಳಿಯುತ್ತಿರುವವರು. ಅವರೂ ಮುಖ ತಿರುಗಿಸಿದರು. ಹಾಲಪ್ಪ ಒಳಗೆ ಬೆಂಚಿನ ತುದಿಯಲ್ಲಿ ಕೂತಿದ್ದ. ಹೆಸರು ಕೂಗಿದರು. ಮಂಚವನ್ನು ಕಟಕಟೆಯ ಮುಂದೆ ಇಳಿಸಿದರು.

ನ್ಯಾಯಾಧೀಶರು ಕಡತದಿಂದ ಕಣ್ಣೆತ್ತದೆ ಮುಂದಿನ ದಿನಾಂಕ ಬರೆಯಲು ಪೆನ್ನು ತೆರೆದಿದ್ದರು. ವಾಸನೆಗೆ ತಲೆಯೆತ್ತಿದರು. ಮೇಷ್ಟ್ರು ಎದ್ದು, "ಪ್ರತಿವಾದಿ ಒಂದು ಮಾತು ಹೇಳಬೇಕಂತೆ ಸ್ವಾಮಿ" ಎಂದರು.

ತಿಪ್ಪೇಶ ನ್ಯಾಯಾಧೀಶರ ಕಡೆ ನೋಡಲಿಲ್ಲ. "ಅಣ್ಣ" ಎಂದ. ಎರಡನೆಯ ಸಲ ಕರೆದಾಗ ಹಾಲಪ್ಪ ಎದ್ದು ಬಂದ. ಮಂಚದಿಂದ ಒಂದು ಮಾರು ದೂರದಲ್ಲಿ ಅವನ ಕಾಲು ನಿಂತುಹೋಯಿತು.

"ಅಣ್ಣ, ಸಂದಿ ನಿಂದೇ. ಅವತ್ತೂ ನಿಂದೇ. ಅತ್ತಿಗಿ ಕೂಗ್ತಿದ್ದದ್ದು ನನಗೆ ಕೇಳಿಸ್ತಿತ್ತು. ಗೋಡೆ ಕೆಡವಾಕೆ ಪಿಕಾಸಿ ಹುಡುಕ್ತಿದ್ದೆ. ಸಿಗಲಿಲ್ಲ ಅಣ್ಣ."

ಹಾಲಪ್ಪ ಮೆಲ್ಲಗೆ ಪಂಚೆಯ ತುದಿ ಎತ್ತಿ ನೋಡಿದ. ಬಹಳ ಹೊತ್ತು ನೋಡಿದ. ಮತ್ತೆ ಹೊದಿಸಿದ. ತಮ್ಮನ ಹಣೆಯ ಮೇಲೆ ಕೈಯಿಡಲು ಹೋಗಿ, ಎಲ್ಲಿ ಇಟ್ಟರೆ ನೋಯುವುದೋ ಎಂದು ತಿಳಿಯದೆ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡಿದ್ದ.

"ಈ ಕೇಸು ನನಗೆ ಬ್ಯಾಡ ಸ್ವಾಮಿ. ವಾಪಸ್ ತಗೊಂತೀನಿ" ಎಂದ. ಆಮೇಲೆ ಸಾಕಮ್ಮನ ಕಡೆ ತಿರುಗಿ, "ನಿನ್ನ ಮುಖ ನೋಡಿ ಅಲ್ಲ. ನಿನ್ನ ಮ್ಯಾಲಿಂದು ಹಂಗೇ ಐತೆ" ಎಂದ.

ನ್ಯಾಯಾಧೀಶರು ಇನ್ನೊಂದು ಸಲ ಯೋಚಿಸಿ ಎಂದರು. ಅವನು ತಲೆಯಲ್ಲಾಡಿಸಿದ. ಗುಮಾಸ್ತ ಕಾಗದ ಚಾಚಿದ, ಹಾಲಪ್ಪ ಹೆಬ್ಬೆಟ್ಟು ಒತ್ತಿದ. ನ್ಯಾಯಾಧೀಶರು ಸಹಿ ಹಾಕಿ ಕಡತ ಮುಚ್ಚಿದರು. ತಿಪ್ಪೇಶ ಒಂದು ಉಸಿರು ಎಳೆದುಕೊಂಡ. ಬಿಟ್ಟ. ಮತ್ತೆ ಎಳೆದುಕೊಳ್ಳಲಿಲ್ಲ. ಅಷ್ಟೇ. ಸಾಕಮ್ಮ ಅಳಲಿಲ್ಲ, ಬಾಗಿ ಅವನ ಕಿವಿಯಲ್ಲಿ ಏನೋ ಹೇಳಿ, ಪಂಚೆಯನ್ನು ಮುಖದ ಮೇಲಕ್ಕೆ ಎಳೆದಳು.

ಮಧ್ಯಾಹ್ನ ಮನೆಯ ಮುಂದೆ ಹೆಣ ಕೂರಿಸಿದ್ದರು. ಭಟ್ಟಿಗಳನ್ನು ಆರಿಸಿ ಓಣಿಯವರೆಲ್ಲ ಬಂದಿದ್ದರು. ಹಾಲಪ್ಪ ತನ್ನ ಬಾಗಿಲಿನಲ್ಲಿ ಮೂವರು ಮಕ್ಕಳ ಜೊತೆ ನಿಂತಿದ್ದ. ಸ್ವಲ್ಪ ಹೊತ್ತಾದ ಮೇಲೆ ನಡೆದು ಬಂದು ತಮ್ಮನ ಕಾಲ ಬುಡದಲ್ಲಿ ಕೂತ. ಅತ್ತ. ಸೆರಗಿನ ಚುಂಗನ್ನು ಬಾಯಿಗೆ ತುಂಬಿಕೊಂಡು ಕೂತಿದ್ದ ಸಾಕಮ್ಮನನ್ನು ನೋಡಿದ. ಅವಳ ಅಂಗೈಯ ಗಾಯ ನೋಡಿದ. ಇಷ್ಟು ತಿಂಗಳು ಆ ಕೈ ಏನು ಮಾಡಿತ್ತೆಂದು ಆಗ ಅವನಿಗೆ ತಿಳಿದಿರಬೇಕು.

"ಸಾಕವ್ವ" ಎಂದ. ಅಷ್ಟು ಮೃದುವಾಗಿ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ನಿನಗೆ ತಲೆ ಕೆಟ್ಟಿತ್ತು. ಯಾರಿಗಾದ್ರೂ ಕೆಡ್ತೈತೆ. ಹೊನ್ನಿ ಇದ್ದಿದ್ರೂ, ಹೋಗ್ಲಿ ಬಿಡು..."

ಮಾತು ಮುಗಿಯುವ ಮೊದಲೇ ಕೆಮ್ಮು ಬಂತು. ಅದು ಮುಂಚಿನ ಕೆಮ್ಮಲ್ಲ. ಎದೆಯ ತಳದಿಂದ ಏನನ್ನೋ ಕಿತ್ತು ತರುವಂಥದ್ದು. ತುಟಿ ನೀಲಿಗಟ್ಟಿತು, ಕೆನ್ನೆಯ ರಕ್ತ ಇಳಿದು ಮುಖ ಸುಣ್ಣವಾಯಿತು. ಪಕ್ಕಕ್ಕೆ ವಾಲಿದ. ದೊಡ್ಡ ಮಗಳು "ಅಪ್ಪಾ" ಎಂದು ಓಡಿ ಬಂದು ಹಿಡಿದುಕೊಂಡಳು. ಅವನ ಎದೆಯ ಉರಿ ಆರುತ್ತಿತ್ತು. ಅದು ನನಗೂ ಇಮ್ತಿಯಾಜನಿಗೂ ಗೊತ್ತಾಯಿತು. ಸಾಕಮ್ಮನಿಗೆ ನಮಗಿಂತ ಮೊದಲೇ ಗೊತ್ತಾಗಿತ್ತು.

ಅವಳು ಎದ್ದು ನಿಂತಳು. ಬಾಯಿಂದ ಸೆರಗು ತೆಗೆದಳು.

"ನನಗ್ಯಾಕೆ ತಲೆ ಕೆಡ್ತೈತೆ? ಚೆನ್ನಾಗಿ ತಿಳಿದೇ ಒಡೆದೆ" ಎಂದು ಇಡೀ ಓಣಿಗೆ ಕೇಳುವಂತೆ ಕಿರುಚಿದಳು. "ಇನ್ನೊಂದ್ಸಲ ಕಟ್ಟು, ಇನ್ನೊಂದ್ಸಲ ಒಡೀತೀನಿ. ನಿನ್ನ ಹೆಂಡ್ತಿ ನಿನ್ನನ್ನ ಕಂಡ್ರೆ ಹೇಸ್ತಿದ್ಲು, ಗೊತ್ತಾ? ನನ್ನ ಹತ್ರ ಬಂದು ಅಳ್ತಿದ್ಲು. ಈ ಹಾಳು ಗಂಡಸಿನ ಜೊತೆ ಬಾಳೋದಕ್ಕಿಂತ ಸಾಯೋದು ಮೇಲು ಅಂತಿದ್ಲು. ಸತ್ತು ಬದುಕಿಕೊಂಡ್ಲು. ಏಳು, ನನ್ನ ಗಂಡನ ಹೆಣ ಮುಟ್ಟಬ್ಯಾಡ ನೀನು!"

ಒಬ್ಬ ಮುದುಕಿ ಥೂ ಎಂದು ಉಗಿದಳು. ಹಾಲಪ್ಪ ನೆಲಕ್ಕೆ ಕೈಯೂರಿ ಮೇಲೆದ್ದ. ಕಣ್ಣು ಕೆಂಡವಾಗಿತ್ತು. ಮುಖಕ್ಕೆ ಮತ್ತೆ ರಕ್ತ ಏರಿತ್ತು, ಉಸಿರು ನೇರವಾಗಿತ್ತು. "ಕೋರ್ಟಿನಾಗ ನೋಡ್ಕೊಂತೀನಿ ನಿನ್ನ. ಹಾಳಾಗಿ ಹೋಗ್ತೀಯ" ಎಂದು ಮಕ್ಕಳನ್ನು ಎಳೆದುಕೊಂಡು ಹೋಗಿ ಬಾಗಿಲು ಬಡಿದುಕೊಂಡ. ಸಾಕಮ್ಮ ನಿಂತಲ್ಲೇ ನಿಂತಿದ್ದಳು. ಯಾವ ಹೆಂಗಸೂ ಅವಳ ಹತ್ತಿರ ಹೋಗಲಿಲ್ಲ. ನಾನು ಹೋಗಿ ತೋಳು ಹಿಡಿದೆ. ಮರದ ಕೊರಡು ಹಿಡಿದ ಹಾಗಿತ್ತು.

ಅಂಥ ಮಾತು ಆಡಿದವಳ ಮನೆಯ ಹೆಣವೆಂದು ಹಲವರು ಎದ್ದು ಹೋದರು. ಚಟ್ಟಕ್ಕೆ ಮೂವರೇ ಸಿಕ್ಕಿದರು. ಅಣ್ಣ ಕೊಡಬೇಕಾಗಿದ್ದ ಹೆಗಲನ್ನು ಇಮ್ತಿಯಾಜ್ ಕೊಟ್ಟ. ಯಾರೂ ಬೇಡ ಎನ್ನಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಬಾವಿಕಟ್ಟೆಯ ಹತ್ತಿರ ಅವಳನ್ನು ಕೇಳಿದೆ. "ಹೊನ್ನಮ್ಮ ಹಾಗೆ ಅಂದಿದ್ದು ನಿಜವಾ?"

"ಛೀ" ಎಂದಳು. "ಅವನು ಭಟ್ಟಿಯಿಂದ ಬರೋದು ಒಂದು ಗಳಿಗೆ ತಡ ಆದ್ರೆ ಅಕ್ಕ ಬೀದಿಗೆ ಬಂದು ನಿಂತಿರ್ತಿದ್ಲು." ಕೊಡದ ನೀರನ್ನು ತಲೆಯ ಮೇಲೆ ಸುರಿದುಕೊಂಡಳು. ಇನ್ನೊಂದು ಸುರಿದುಕೊಂಡಳು. "ಸಾಯೋವಾಗ ನನ್ನ ಕೈ ಹಿಡ್ಕೊಂಡು ಮಕ್ಕಳನ್ನ ನೋಡ್ಕೋ ಅಂದ್ಲು. ಅವನೇ ಹೋದ್ರೆ ನಾನು ಎಂಗೆ ನೋಡ್ಕೊಳ್ಳಲಿ? ಅವು ಈಗ ನನ್ನ ಹತ್ರ ಬರಾಕಿಲ್ಲ."

ನಾನು ಓದು ಮುಗಿಸಿ ಸನ್ನದು ತೆಗೆದುಕೊಂಡೆ. ಇಮ್ತಿಯಾಜ್ ಮುಗಿಸಲಿಲ್ಲ, ಈಗ ಅವರಪ್ಪನ ಸೈಕಲ್ ಅಂಗಡಿಯಲ್ಲಿದ್ದಾನೆ, ಕಂಡರೆ ಮಾತಾಡುತ್ತಾನೆ, ಕೋರ್ಟಿನ ಸುದ್ದಿ ಎತ್ತುವುದಿಲ್ಲ. ಸಾಕಮ್ಮನ ವಕಾಲತ್ತು ನನ್ನದೇ. ಅವಳ ಪರವಾಗಿ ನಾನು ಮಾಡುವ ಕೆಲಸ ಒಂದೇ, ವಾಯಿದೆ ಕೇಳುವುದು. ಹಾಲಪ್ಪ ಪ್ರತಿ ವಾಯಿದೆಗೂ ತಪ್ಪದೆ ಬರುತ್ತಾನೆ. ಅವನ ಇಬ್ಬರು ಹೆಣ್ಣುಮಕ್ಕಳ ಮದುವೆಯಾಯಿತು. ಓಣಿಯಲ್ಲಿ ಚಪ್ಪರ ಹಾಕಿದಾಗ ಸಾಕಮ್ಮ ಒಳಗೆ ಅಗುಳಿ ಹಾಕಿಕೊಂಡು ಕೂತಿದ್ದಳು. ಅವನ ಸಿಟ್ಟು ಸ್ವಲ್ಪ ತಣ್ಣಗಾಗಿದೆ, ಕೆಮ್ಮು ಹೆಚ್ಚಿದೆ ಎಂದು ಕಿವಿಗೆ ಬಿದ್ದರೆ, ಹೋಗಿ ಅವನ ಬಾಗಿಲಿಗೆ ಬೂದಿ ಸುರಿದು ಬರುತ್ತಾಳೆ, ಇಲ್ಲವೇ ಹೊನ್ನಮ್ಮನ ಹೆಸರೆತ್ತಿ ಬೀದಿಯಲ್ಲಿ ಆಡಬಾರದ ಮಾತಾಡುತ್ತಾಳೆ. ಓಣಿಯ ಮಕ್ಕಳು ಅವಳಿಗೆ ಕಲ್ಲು ಹೊಡೆಯುತ್ತಾರೆ. ಅವಳಿಗೂ ಈಗ ಮೊಣಕಾಲು ಹಿಡಿದಿದೆ, ಕಣ್ಣಿಗೆ ಪೊರೆ ಬಂದಿದೆ. ಗಂಡನ ಹತ್ತಿರ ಹೋಗಬೇಕೆಂದು ಒಂದೆರಡು ಸಲ ನನ್ನೆದುರು ಅಂದಿದ್ದಾಳೆ. ಕೇಸು ಇರುವವರೆಗೆ ಅವಳಿಗೂ ದಾರಿಯಿಲ್ಲ. ಮೂರನೆಯ ಹುಡುಗಿಯದು ಆಗಲಿ, ಆಮೇಲೆ ನೋಡೋಣ ಎನ್ನುತ್ತಾಳೆ.

ಈ ಸೋಮವಾರವೂ ವಾಯಿದೆ ಇತ್ತು. ಮುಂದಿನ ದಿನಾಂಕ ತೆಗೆದುಕೊಂಡು ವರಾಂಡಕ್ಕೆ ಬಂದಾಗ ಸಾಕಮ್ಮ ಕಂಬಕ್ಕೆ ಒರಗಿ ಕಾಯುತ್ತಿದ್ದಳು. ಪೊರೆ ಬಂದ ಕಣ್ಣಿನಿಂದ ಅಲ್ಲಿಂದ ಒಳಗೆ ಕೂತ ಹಾಲಪ್ಪನ ಮುಖ ಅವಳಿಗೆ ಕಾಣಿಸುವುದಿಲ್ಲ.

"ಎಂಗಿದ್ದ ಮಗಾ ಇವತ್ತು? ಮುಖದಾಗ ಬಣ್ಣ ಇತ್ತಾ?"

"ಇತ್ತು. ನಿಮ್ಮ ಹೆಸರು ಕೂಗಿದ ತಕ್ಷಣ ಉಗಿದ."

"ಹಂಗಾರೆ ಸರಿ" ಎಂದು ಕೋಲೂರಿಕೊಂಡು ಮೆಟ್ಟಿಲು ಇಳಿಯತೊಡಗಿದಳು.